ಫೇಡ್ ಕಟಿಂಗ್: ಎಷ್ಟು ಎತ್ತರ, ಎಷ್ಟು ಚಿಕ್ಕದು, ಯಾವ ಆಕಾರ

ಸಲೂನಿನ ಕುರ್ಚಿಯಲ್ಲಿ ಕೂತು 'ಫೇಡ್ ಮಾಡಿ' ಎನ್ನುವುದು ದರ್ಶಿನಿಯಲ್ಲಿ 'ದೋಸೆ ಕೊಡಿ' ಎಂದಂತೆ. ಅಲ್ಲಾದರೆ ಸೆಟ್ಟೋ, ಮಸಾಲೆಯೋ, ಖಾಲಿಯೋ ಎಂದು ತಿರುಗಿ ಕೇಳುತ್ತಾರೆ. ಇಲ್ಲಿ ಕೇಳುವವರು ಕಡಿಮೆ, ಮೆಷಿನ್ ಆನ್ ಆಗಿಬಿಡುತ್ತದೆ. ಕಿವಿಯ ಮೇಲೆ ಎರಡು ಇಂಚು ಬೋಳಾದ ಮೇಲೆ 'ಇಷ್ಟು ಬೇಡವಾಗಿತ್ತು' ಎಂದರೆ ಯಾರೂ ಏನೂ ಮಾಡುವಂತಿಲ್ಲ.

ತಲೆಯ ಪಕ್ಕ ಮತ್ತು ಹಿಂಭಾಗದ ಕೂದಲನ್ನು ತಳದಲ್ಲಿ ಬಹಳ ಚಿಕ್ಕದಾಗಿ ಶುರುಮಾಡಿ, ಮೇಲೆ ಹೋದಂತೆ ಉದ್ದ ಬಿಡುತ್ತಾ, ನಡುವೆ ಎಲ್ಲೂ ಗೆರೆ ಕಾಣದ ಹಾಗೆ ಕೂಡಿಸುವುದೇ ಫೇಡ್. ಇದರಲ್ಲಿ ತೀರ್ಮಾನಿಸಬೇಕಾದದ್ದು ಮೂರು. ಮಸುಕಾಗುವ ಪಟ್ಟಿ ಎಷ್ಟು ಎತ್ತರದಲ್ಲಿರಬೇಕು? ತಳದಲ್ಲಿ ಕೂದಲು ಎಷ್ಟು ಚಿಕ್ಕದಿರಬೇಕು? ಆ ಪಟ್ಟಿ ತಲೆಯ ಸುತ್ತ ಯಾವ ಆಕಾರದಲ್ಲಿ ಓಡಬೇಕು? ಗೊಂದಲ ಹುಟ್ಟುವುದು ಹೆಸರುಗಳಿಂದ. ಲೋ, ಮಿಡ್, ಹೈ ಎಂಬುವು ಎತ್ತರವನ್ನಷ್ಟೇ ಹೇಳುತ್ತವೆ. ಸ್ಕಿನ್ ಫೇಡ್ ಎಂದರೆ ತಳದಲ್ಲಿ ಚರ್ಮ ಕಾಣುವಷ್ಟು ಚಿಕ್ಕದು ಎಂದಷ್ಟೇ ಅರ್ಥ, ಎತ್ತರದ ಮಾತಿಲ್ಲ. ಡ್ರಾಪ್, ಬರ್ಸ್ಟ್ ಎಂಬುವು ಆಕಾರದ ಹೆಸರು. ಹಾಗಾಗಿ 'ಲೋ ಸ್ಕಿನ್ ಡ್ರಾಪ್ ಫೇಡ್' ಎನ್ನುವುದು ಉದ್ದುದ್ದ ಹೆಸರಿನ ಶೋಕಿಯಲ್ಲ, ಮೂರೂ ಪ್ರಶ್ನೆಗೆ ಒಟ್ಟಿಗೆ ಕೊಟ್ಟ ಉತ್ತರ. ಒಂದನ್ನು ಹೇಳಿ ಎರಡನ್ನು ಬಿಟ್ಟರೆ ಆ ಎರಡನ್ನು ಮಾಡುವವರು ತಮ್ಮ ರೂಢಿಯಂತೆ ತುಂಬಿಕೊಳ್ಳುತ್ತಾರೆ.

ನಂಬರ್‌ಗಳ ಲೆಕ್ಕ

ಮೆಷಿನ್‌ಗೆ ಸಿಕ್ಕಿಸುವ ಪ್ಲಾಸ್ಟಿಕ್ ಗಾರ್ಡ್‌ಗಳ ಮೇಲಿರುವ ನಂಬರ್ ಇಂಚಿನ ಎಂಟನೇ ಒಂದು ಭಾಗದ ಲೆಕ್ಕ. ಅಮೆರಿಕದ ಇಲಿನಾಯ್ ರಾಜ್ಯದ ಸ್ಟರ್ಲಿಂಗ್ ಎಂಬ ಊರಿನಲ್ಲಿ ಲಿಯೋ ವಾಲ್ 1919ರಲ್ಲಿ ಕಟ್ಟಿದ ಕ್ಲಿಪ್ಪರ್ ಕಂಪನಿ ಈಗಲೂ ಇದೇ ಲೆಕ್ಕ ಇಟ್ಟುಕೊಂಡಿದೆ. ಸಲೂನುಗಳಲ್ಲಿ ಕಾಣುವ ಬೇರೆ ಬಹಳಷ್ಟು ಮೆಷಿನ್‌ಗಳದ್ದೂ ಹೆಚ್ಚುಕಡಿಮೆ ಇದೇ. ನಂಬರ್ 1 ಅಂದರೆ 3 ಮಿ.ಮೀ., 2 ಅಂದರೆ 6, 3 ಅಂದರೆ 10, 4 ಅಂದರೆ 13 ಮಿ.ಮೀ. ಹೀಗೇ ಏರುತ್ತಾ 8ಕ್ಕೆ 25 ಮಿ.ಮೀ., ಅಂದರೆ ಪೂರ್ತಿ ಒಂದು ಇಂಚು. ನಡುವೆ ಎರಡು ಅರ್ಧದ ಗಾರ್ಡ್‌ಗಳಿವೆ: ಅರ್ಧ ನಂಬರ್ 1.5 ಮಿ.ಮೀ., ಒಂದೂವರೆ ನಂಬರ್ 4.5 ಮಿ.ಮೀ.

ಮನೆಯಲ್ಲಿ ಗಡ್ಡಕ್ಕೆ ಬಳಸುವ ಟ್ರಿಮ್ಮರ್‌ನಲ್ಲಿ ಬರೆದಿರುವುದು ಸಾಮಾನ್ಯವಾಗಿ ನೇರ ಮಿಲಿಮೀಟರ್. ಇಲ್ಲೇ ಎಷ್ಟೋ ಜನ ಎಡವುವುದು. ಮನೆಯ ಟ್ರಿಮ್ಮರ್‌ನಲ್ಲಿ 3 ಇಟ್ಟು ಅಭ್ಯಾಸವಾದವರು ಸಲೂನಿನಲ್ಲಿ 'ಮೂರು ಹಾಕಿ' ಎಂದರೆ 10 ಮಿ.ಮೀ. ಸಿಗುತ್ತದೆ, ಕಟಿಂಗ್ ಮಾಡಿಸಿದ ಹಾಗೇ ಇಲ್ಲ ಎನ್ನಿಸುತ್ತದೆ. ಸಲೂನಿನ ನಂಬರ್ 2 ಒಗ್ಗಿದವರು ಮನೆಯ ಟ್ರಿಮ್ಮರ್‌ನಲ್ಲಿ 2 ಇಟ್ಟು ತಲೆಗೆ ಹಿಡಿದರೆ ಕತೆ ಇನ್ನೂ ಕೆಟ್ಟದು. ಅನುಮಾನವಿದ್ದರೆ 'ಎಷ್ಟು ಮಿಲಿಮೀಟರ್?' ಎಂದು ಬಾಯಿಬಿಟ್ಟು ಕೇಳಿಬಿಡಿ.

'ಜೀರೋ' ಎಂಬ ಮಾತಿಗೂ ಒಂದೇ ಅರ್ಥವಿಲ್ಲ. ಗಾರ್ಡ್ ತೆಗೆದ ಕ್ಲಿಪ್ಪರ್ ಅರ್ಧ ಮಿಲಿಮೀಟರ್‌ನ ಆಸುಪಾಸು ಬಿಡುತ್ತದೆ, ತಲೆಯ ಮೇಲೆ ಕಪ್ಪು ನೆರಳಿನಂತೆ ಕಾಣುತ್ತದೆ. ಅಂಚು ಬಿಡಿಸುವ ಸಣ್ಣ ಟ್ರಿಮ್ಮರ್ ಅದಕ್ಕಿಂತ ಚಿಕ್ಕದು ಮಾಡುತ್ತದೆ. ಫಾಯಿಲ್ ಶೇವರ್ ಅಥವಾ ಬ್ಲೇಡ್ ಆಡಿಸಿದರೆ ಮಾತ್ರ ನುಣುಪು ಚರ್ಮ. ಜೀರೋ ಎಂದಾಗ ಈ ಮೂರರಲ್ಲಿ ಯಾವುದು ಎಂದು ಹೇಳಲೇಬೇಕು.

ಕ್ಲಿಪ್ಪರ್‌ನ ಪಕ್ಕದಲ್ಲಿ ಹೆಬ್ಬೆರಳಿಗೆ ಸಿಗುವ ಒಂದು ಲಿವರ್ ಇರುತ್ತದೆ. ಸಾಮಾನ್ಯವಾಗಿ ಅದು ಮೇಲಿದ್ದರೆ ಬ್ಲೇಡ್ ಮುಚ್ಚಿರುತ್ತದೆ, ಕೂದಲು ಚಿಕ್ಕದಾಗುತ್ತದೆ; ಕೆಳಗೆ ಎಳೆದರೆ ಬ್ಲೇಡ್ ತೆರೆದು ಸುಮಾರು ಒಂದರಿಂದ ಒಂದೂವರೆ ಮಿ.ಮೀ. ಹೆಚ್ಚು ಉಳಿಯುತ್ತದೆ. ನಡುವೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಫೇಡ್‌ನ ಕೈಚಳಕವೆಲ್ಲ ಈ ಲಿವರ್‌ನಲ್ಲಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ಇಡೀ ಕಟಿಂಗ್‌ನಲ್ಲಿ ಲಿವರ್ ಮುಟ್ಟದೆ ಗಾರ್ಡ್ ಮಾತ್ರ ಬದಲಿಸುತ್ತಿರುವವರ ಹತ್ತಿರ ಸ್ಕಿನ್ ಫೇಡ್ ಕೇಳದಿರುವುದು ಒಳ್ಳೆಯದು.

ಅರ್ಧದ ಗಾರ್ಡ್‌ಗಳು ಕೆಳಗಿನ ನಂಬರ್‌ಗಳಿಗೇ ಏಕೆ? ನಮ್ಮ ಕಣ್ಣು ಉದ್ದದ ವ್ಯತ್ಯಾಸವನ್ನು ಮಿಲಿಮೀಟರ್‌ನಲ್ಲಿ ಅಳೆಯುವುದಿಲ್ಲ, ಎಷ್ಟು ಪಟ್ಟು ಎಂದು ನೋಡುತ್ತದೆ. 1.5 ಮಿ.ಮೀ. ಪಕ್ಕದಲ್ಲಿ 3 ಮಿ.ಮೀ. ಇಟ್ಟರೆ ಎರಡು ಪಟ್ಟು, ಕಪ್ಪು ಗೆರೆ ಎದ್ದು ಕಾಣುತ್ತದೆ. 10ರ ಪಕ್ಕದಲ್ಲಿ 13 ಇಟ್ಟರೆ ಮಿಲಿಮೀಟರ್ ಲೆಕ್ಕದಲ್ಲಿ ವ್ಯತ್ಯಾಸ ಅದರ ಎರಡರಷ್ಟಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ತಳ ಚಿಕ್ಕದಾದಷ್ಟೂ ಹಂತಗಳು ಹೆಚ್ಚು ಬೇಕು, ಹೊತ್ತೂ ಹೆಚ್ಚು ಬೇಕು. ನಂಬರ್ 2ರಿಂದ ಶುರುವಾಗುವ ಫೇಡ್ ಯಾವ ಊರಿನ ಕಟಿಂಗ್ ಶಾಪ್‌ನಲ್ಲೂ ಚೆನ್ನಾಗಿ ಬರಬಹುದು. ಚರ್ಮದಿಂದ ಶುರುವಾಗುವುದು ಹಾಗಲ್ಲ.

ಎತ್ತರ ಮತ್ತು ಆಕಾರ

ಲೋ ಫೇಡ್ ಕಿವಿಯ ಮೇಲೆ ಒಂದು ಬೆರಳಿನಗಲದಲ್ಲಿ ಮುಗಿದುಹೋಗುತ್ತದೆ, ಹಿಂದೆ ಕತ್ತಿನ ಕೂದಲಂಚಿನ ಸ್ವಲ್ಪ ಮೇಲೆ ನಿಲ್ಲುತ್ತದೆ. ಮಿಡ್ ಫೇಡ್ ಕಣತಲೆಯ ಮಟ್ಟಕ್ಕೆ ಬರುತ್ತದೆ, ಕಿವಿಯಿಂದ ಎರಡು ಮೂರು ಬೆರಳು. ಹೈ ಫೇಡ್ ತಲೆಯ ಪಕ್ಕದ ಗೋಡೆ ಮುಗಿದು ನೆತ್ತಿಯ ಕಡೆಗೆ ಬಾಗುವ ಏಣಿನ ಹತ್ತಿರದವರೆಗೂ ಹೋಗುತ್ತದೆ. ಈ ಏಣನ್ನು ಗುರುತಿಸುವುದು ಸುಲಭ: ಬಾಚಣಿಗೆಯನ್ನು ತಲೆಯ ಪಕ್ಕಕ್ಕೆ ನೆಟ್ಟಗೆ ಆನಿಸಿ ಹಿಡಿದರೆ ತಲೆ ಅದರಿಂದ ಬೇರ್ಪಟ್ಟು ಒಳಗೆ ತಿರುಗುವ ಜಾಗ. ಫೇಡ್ ಈ ಏಣನ್ನು ದಾಟಿತೆಂದರೆ ಮೇಲಿನ ಕೂದಲು ಟೋಪಿ ಇಟ್ಟಂತೆ ಕಾಣುತ್ತದೆ.

ಟೇಪರ್ ಎಂಬುದನ್ನೂ ಫೇಡ್ ಎಂದೇ ಕರೆಯುವುದುಂಟು, ಆದರೆ ಎರಡೂ ಬೇರೆ. ಟೇಪರ್‌ನಲ್ಲಿ ಕಿವಿಯ ಮುಂದಿನ ತುದಿ ಮತ್ತು ಕತ್ತಿನ ಅಂಚು, ಈ ಎರಡು ಕಡೆ ಮಾತ್ರ ಕೂದಲು ತೆಳುವಾಗುತ್ತದೆ. ಪಕ್ಕದಲ್ಲಿ ಕೂದಲು ಹಾಗೇ ಉಳಿಯುತ್ತದೆ. ಆಫೀಸಿಗೂ ಹೊಂದಬೇಕು, ತಿಂಗಳಿಗೊಮ್ಮೆ ಹೋದರೂ ನಡೆಯಬೇಕು ಎನ್ನುವವರಿಗೆ ಟೇಪರ್‌ಗಿಂತ ಒಳ್ಳೆಯದು ಇಲ್ಲ. ಡ್ರಾಪ್‌ನಲ್ಲಿ ಪಟ್ಟಿ ಕಿವಿಯ ಹಿಂದೆ ಕೆಳಗಿಳಿದು ಹಿಂದಲೆಯ ಉಬ್ಬಿನ ಕೆಳಗೆ ಹೋಗುತ್ತದೆ. ಬರ್ಸ್ಟ್‌ನಲ್ಲಿ ಕಿವಿಯ ಸುತ್ತ ಅರ್ಧಚಂದ್ರದ ಹಾಗೆ ಮಾತ್ರ ತೆಳು, ಹಿಂದೆ ಕೂದಲು ಉದ್ದ.

ಗೆರೆ ಹುಟ್ಟುವುದು ಎಲ್ಲಿ

ಈ ಕಟಿಂಗ್‌ನ ಬೇರು ಅಮೆರಿಕದಲ್ಲಿದೆ. ಅಲ್ಲಿನ ಸೈನಿಕರ ಪಕ್ಕ ಬೋಳಿಸಿದ ಕಟಿಂಗ್ ಒಂದು ಕಡೆ. ಅದನ್ನು ಕಲೆಯಾಗಿ ಬೆಳೆಸಿದ ಕಪ್ಪು ಸಮುದಾಯದ ಕ್ಷೌರಿಕರು ಇನ್ನೊಂದು ಕಡೆ. 1980ರ ದಶಕದಲ್ಲಿ ಹಿಪ್‌ಹಾಪ್ ಜೊತೆಗೆ, ನೆತ್ತಿಯ ಕೂದಲನ್ನು ಎತ್ತರಕ್ಕೆ ನಿಲ್ಲಿಸುವ ಹೈ-ಟಾಪ್ ಫೇಡ್ ಲೋಕಕ್ಕೆಲ್ಲ ಪರಿಚಯವಾಯಿತು. ಆ ಕೈಚಳಕ ಬೆಳೆದದ್ದು ಬಿಗಿ ಗುಂಗುರು ಕೂದಲಿನ ಮೇಲೆ. ಗುಂಗುರು ಕೂದಲು ತಲೆಗೆ ಅಂಟಿಕೊಂಡು ಬೆಳೆಯುವುದರಿಂದ ಸಣ್ಣಪುಟ್ಟ ಏರುಪೇರನ್ನು ಮುಚ್ಚಿಕೊಳ್ಳುತ್ತದೆ. ನಮ್ಮಲ್ಲಿ ಬಹಳ ಜನರದ್ದು ನೇರ, ದಪ್ಪ, ಕಪ್ಪು ಕೂದಲು. ಅದು ಏನನ್ನೂ ಮುಚ್ಚುವುದಿಲ್ಲ. ಮೇಲಾಗಿ ಪಕ್ಕದಲ್ಲಿ ಒಂದರಿಂದ ಎರಡೂವರೆ ಸೆಂ.ಮೀ. ಉದ್ದವಿರುವಾಗ ಮಲಗದೆ ನೆಟ್ಟಗೆ ಹೊರಕ್ಕೆ ನಿಲ್ಲುತ್ತದೆ. ಫೋಟೋದಲ್ಲಿರುವ ವಿದೇಶಿ ಮಾಡೆಲ್‌ಗೆ ಬಂದದ್ದು ನಮಗೆ ಬಾರದಿರುವುದಕ್ಕೆ ಮಾಡುವವರ ಕೈಗಿಂತ ಕೂದಲೇ ಹೆಚ್ಚು ಸಲ ಕಾರಣ.

ಮಿಡ್ ಸ್ಕಿನ್ ಫೇಡ್ ಒಂದನ್ನು ಹೆಜ್ಜೆಹೆಜ್ಜೆಯಾಗಿ ನೋಡಿದರೆ ತಪ್ಪು ಎಲ್ಲಾಗುತ್ತದೆಂದು ತಿಳಿಯುತ್ತದೆ. ಮೊದಲು ಟ್ರಿಮ್ಮರ್‌ನಿಂದ ತಲೆಯ ಸುತ್ತ ಒಂದು ಗೆರೆ ಹಾಕಿ, ಅದರ ಕೆಳಗಿನದೆಲ್ಲವನ್ನೂ ತೆಗೆಯುತ್ತಾರೆ. ಆಮೇಲೆ ಗಾರ್ಡ್ ಇಲ್ಲದ ಕ್ಲಿಪ್ಪರ್‌ನ ಲಿವರ್ ತೆರೆದು ಅದರ ಮೇಲೆ ಸುಮಾರು ಒಂದೂವರೆ ಸೆಂ.ಮೀ. ಪಟ್ಟಿ. ಅದರ ಮೇಲೆ ಲಿವರ್ ತೆರೆದ ನಂಬರ್ 1ರ ಪಟ್ಟಿ, ನಂತರ 2, ಏಣಿನ ಹತ್ತಿರ 3 ಅಥವಾ 4. ಈಗ ತಲೆಯ ಮೇಲೆ ಮೆಟ್ಟಿಲು ಮೆಟ್ಟಿಲು ಕಾಣುತ್ತದೆ, ಗಾಬರಿಯಾಗಬೇಡಿ. ನಿಜವಾದ ಕೆಲಸ ಶುರುವಾಗುವುದೇ ಇಲ್ಲಿಂದ. ಪ್ರತಿ ಎರಡು ಪಟ್ಟಿಗಳ ನಡುವಿನ ಗೆರೆಯನ್ನು ಅವೆರಡರ ನಡುವಿನ ಉದ್ದದಿಂದ ಅಳಿಸಬೇಕು: ಅರ್ಧದ ಗಾರ್ಡ್, ಲಿವರ್ ಮುಕ್ಕಾಲು, ಲಿವರ್ ಅರ್ಧ, ಕೊನೆಗೆ ಬ್ಲೇಡಿನ ಮೂಲೆ ಮಾತ್ರ ತಾಗಿಸಿ.

ಅಳಿಸುವಾಗ ಮೆಷಿನ್ ಗೆರೆಯ ಮೇಲೆ ಒಂದು ಸೆಂ.ಮೀ.ನಷ್ಟೇ ಆಡಬೇಕು. ಗೆರೆ ಮುಟ್ಟಿದ ಕೂಡಲೇ ಮಣಿಕಟ್ಟು ಹೊರಕ್ಕೆ ತಿರುಗಿ ಬ್ಲೇಡ್ ತಲೆಯಿಂದ ಎದ್ದುಬಿಡಬೇಕು. ಹಾಗೆ ಏಳಿಸದೆ ತಲೆಗೆ ಒತ್ತಿಕೊಂಡೇ ಮೇಲಕ್ಕೆ ತಳ್ಳಿದರೆ ಗೆರೆ ಅಳಿಯುವುದಿಲ್ಲ, ಮೇಲಕ್ಕೆ ಹತ್ತುತ್ತದೆ. ಅದನ್ನು ಅಳಿಸಲು ಇನ್ನೂ ಮೇಲೆ, ಮತ್ತೂ ಮೇಲೆ. ಲೋ ಫೇಡ್ ಕೇಳಿದವರು ಹೈ ಫೇಡ್ ಹೊತ್ತು ಎದ್ದುಬರುವುದು ಹೀಗೆ. ಕನ್ನಡಿಯಲ್ಲಿ ಗೆರೆ ಹತ್ತುತ್ತಿರುವುದು ಕಂಡರೆ 'ಸಾಕಣ್ಣ, ಗೆರೆ ಇದ್ದರೂ ಇರಲಿ' ಎಂದು ನಿಲ್ಲಿಸುವುದು ಮೇಲು. ಸ್ವಲ್ಪ ಗೆರೆ ಉಳಿದರೆ ವಾರದಲ್ಲಿ ಮರೆಯಾಗುತ್ತದೆ, ಹಾರಿಹೋದ ಕೂದಲು ಬರಲು ತಿಂಗಳು ಬೇಕು.

ಎರಡನೆಯ ಅಪಾಯದ ಜಾಗ ಏಣು. ಅಲ್ಲಿ ಗಾರ್ಡ್‌ನ ಕೂದಲು ಮುಗಿದು ಮೇಲಿನ ಉದ್ದ ಕೂದಲು ಶುರುವಾಗುತ್ತದೆ. ಅದನ್ನು ಮೆಷಿನ್‌ನಿಂದಲೇ ಕೂಡಿಸಹೋದರೆ ಕೆಳಗಿಂದ ನೋಡಿದಾಗ ಚಜ್ಜದ ಹಾಗೆ ಒಂದು ದಪ್ಪ ಅಂಚು ಉಳಿಯುತ್ತದೆ. ಬಾಚಣಿಗೆ ಹಿಡಿದು ಕತ್ತರಿಯಿಂದ ಕೂಡಿಸಬೇಕು. ಹಳಬರ ಕಟಿಂಗ್ ಶಾಪ್‌ನಲ್ಲಿ ಕತ್ತರಿ ಕೆಲಸ ಕಲಿತವರು ಈ ಜಾಗದಲ್ಲಿ ಯೂಟ್ಯೂಬ್ ನೋಡಿ ಕಲಿತ ಹುಡುಗರನ್ನು ಸುಲಭವಾಗಿ ಮೀರಿಸುತ್ತಾರೆ.

ಕತ್ತಿನ ಹಿಂಭಾಗದಲ್ಲಿ ಕೂದಲು ಕೆಲವರಿಗೆ ಅಡ್ಡಕ್ಕೆ, ಕೆಲವರಿಗೆ ಮೇಲ್ಮುಖವಾಗಿ ಬೆಳೆಯುತ್ತದೆ. ಒಂದೇ ನಂಬರ್ ಆದರೂ ಬೆಳವಣಿಗೆಯ ದಿಕ್ಕಿಗೇ ಮೆಷಿನ್ ಓಡಿಸಿದರೆ ಕೂದಲು ಉದ್ದ ಉಳಿಯುತ್ತದೆ, ಎದುರಾಗಿ ಓಡಿಸಿದರೆ ಚಿಕ್ಕದಾಗುತ್ತದೆ. ಎಡಬಲ ಬೇರೆ ಬೇರೆ ಬಣ್ಣ ಕಾಣುವುದಕ್ಕೆ ಇದೇ ಕಾರಣ. ನೆತ್ತಿಯ ಸುಳಿಯ ವಿಷಯವೂ ಹೀಗೇ. ಎರಡು ಸುಳಿ ಇದ್ದವರಿಗೆ ಎರಡು ಮದುವೆ ಎಂಬ ಮಾತಿನ ಸತ್ಯಾಸತ್ಯ ಏನೇ ಇರಲಿ, ಹೈ ಫೇಡ್ ಮಾತ್ರ ತೊಂದರೆಯೇ. ಸುಳಿಯ ಸುತ್ತ ಚಿಕ್ಕದು ಮಾಡಿದರೆ ಕೂದಲು ಮುಳ್ಳಿನಂತೆ ಏಳುತ್ತದೆ. ಅಲ್ಲಿ ಕನಿಷ್ಠ ನಾಲ್ಕೈದು ಸೆಂ.ಮೀ. ಬಿಟ್ಟರೆ ತನ್ನ ಭಾರಕ್ಕೆ ತಾನೇ ಮಲಗುತ್ತದೆ.

ಯಾರ ತಲೆಗೆ ಯಾವುದು

ಮುಖದ ಆಕಾರದ ಪಟ್ಟಿಗಳು ಎಲ್ಲೆಡೆ ಸಿಗುತ್ತವೆ. ದುಂಡು ಮುಖಕ್ಕೆ ಮಿಡ್ ಅಥವಾ ಹೈ, ಉದ್ದ ಮುಖಕ್ಕೆ ಲೋ ಎಂಬಷ್ಟು ನೆನಪಿದ್ದರೆ ಸಾಕು. ಪಕ್ಕ ಬೋಳಾದಷ್ಟೂ ಮುಖ ಉದ್ದ ಕಾಣುತ್ತದೆ ಎಂಬುದೇ ಅದರ ಸಾರ. ಅದಕ್ಕಿಂತ ಮುಖ್ಯವಾದದ್ದು ತಲೆಬುರುಡೆಯ ಆಕಾರ, ಆ ಬಗ್ಗೆ ಮಾತು ಕಡಿಮೆ. ನಮ್ಮಲ್ಲಿ ಹಿಂದಲೆ ಚಪ್ಪಟೆ ಇರುವವರು ಬಹಳ. ಅವರು ಹಿಂದೆ ಎತ್ತರಕ್ಕೆ ಚಿಕ್ಕದು ಮಾಡಿಸಿದರೆ ಪಕ್ಕದಿಂದ ನೋಡಿದಾಗ ತಲೆ ಗೋಡೆಗೆ ಒತ್ತಿದಂತೆ ಕಾಣುತ್ತದೆ. ಅವರಿಗೆ ಡ್ರಾಪ್ ಫೇಡ್ ಸರಿ: ಹಿಂದಲೆಯ ಉಬ್ಬು ಇರಬೇಕಾದ ಜಾಗದಲ್ಲಿ ಕೂದಲು ಉಳಿದು ಆ ಕೊರತೆ ತುಂಬುತ್ತದೆ. ಮೊದಲ ಸಲ ಫೇಡ್‌ಗೆ ಹೋಗುವ ಮುನ್ನ ಯಾರಿಂದಲಾದರೂ ತಲೆಯ ಎರಡೂ ಪಕ್ಕ ಮತ್ತು ಹಿಂಭಾಗದ ಫೋಟೋ ತೆಗೆಸಿ ನೋಡಿ. ಹಳೆಯ ಗಾಯದ ಕಲೆ, ತಗ್ಗು, ಮಚ್ಚೆ ಇದ್ದರೆ ತಳ ನಂಬರ್ 2ಕ್ಕಿಂತ ಕೆಳಗಿಳಿಯದಿರಲಿ.

ಕಿವಿ ಎದ್ದು ಕಾಣುವವರು ಕಿವಿಯ ಮೇಲೆ ತುಸು ಕೂದಲು ಬಿಡಿಸಿಕೊಳ್ಳಬೇಕು. ಕತ್ತಿನ ಹಿಂದೆ ಮಡಿಕೆ ಬೀಳುವವರಿಗೆ ಅಲ್ಲಿ ಸ್ಕಿನ್ ಬೇಡ, ಟೇಪರ್ ಸಾಕು. ನೆತ್ತಿ ತೆಳುವಾಗುತ್ತಿರುವವರಿಗೆ ಪಕ್ಕ ಚಿಕ್ಕದಾದರೆ ಮೇಲಿನದು ಹೋಲಿಕೆಯಲ್ಲಿ ದಟ್ಟವಾಗಿ ಕಾಣುತ್ತದೆ, ಇದು ನಿಜ. ಆದರೆ ಫೇಡ್ ನೆತ್ತಿಯ ಹತ್ತಿರ ಬಂದರೆ ತೆಳುವಾದ ಭಾಗವೂ ಅದರೊಳಗೆ ಸೇರಿ ಬೋಳು ದೊಡ್ಡದಾದಂತೆ ಕಾಣುತ್ತದೆ. ಅವರಿಗೆ ಮಿಡ್ ಫೇಡೇ ಗಡಿ.

ಗಡ್ಡವಿದ್ದರೆ ಹೇಳಬೇಕಾದ ಮಾತು ಇನ್ನೊಂದು ಇದೆ. ಕಿವಿಯ ನಡುಮಟ್ಟದಲ್ಲಿ ಕೂದಲು ಅತಿ ಚಿಕ್ಕದಾಗಿ, ಅಲ್ಲಿಂದ ಕೆಳಗೆ ಗಡ್ಡದ ಕಡೆಗೆ ಮತ್ತೆ ಹಂತಹಂತವಾಗಿ ಉದ್ದವಾಗಬೇಕು. ಇದನ್ನು ಮೊದಲೇ ಹೇಳದಿದ್ದರೆ ಕಿವಿಯ ಮುಂದೆ ಕತ್ತರಿಸಿದಂತೆ ನಿಲ್ಲಿಸಿ ಗಡ್ಡವನ್ನು ಬೇರೆಯದಾಗಿಯೇ ಬಿಡುತ್ತಾರೆ.

ತಲೆಗೆ ಬಣ್ಣ ಹಾಕುವವರು ಕಟಿಂಗ್ ಮೊದಲು ಮಾಡಿಸಿ, ಬಣ್ಣ ಆಮೇಲೆ ಹಾಕಿಸಬೇಕು. ಕೂದಲು ತಿಂಗಳಿಗೆ ಸುಮಾರು 1ರಿಂದ 1.25 ಸೆಂ.ಮೀ. ಬೆಳೆಯುತ್ತದೆ. ಮೂರು ವಾರದ ಹಿಂದೆ ಬಣ್ಣ ಹಾಕಿದ್ದರೆ ಬುಡದ 7ರಿಂದ 9 ಮಿ.ಮೀ. ಬಣ್ಣವಿಲ್ಲದ ಹೊಸ ಕೂದಲು. ಪಕ್ಕಕ್ಕೆ ನಂಬರ್ 2 ಹಾಕಿದರೆ ಉಳಿಯುವುದು 6 ಮಿ.ಮೀ., ಅಂದರೆ ಪೂರ್ತಿ ಬಿಳಿ. ಮೇಲೆ ಕಪ್ಪು, ಪಕ್ಕ ಬೆಳ್ಳಗೆ.

ಎಷ್ಟು ದಿನ ನಿಲ್ಲುತ್ತದೆ ಎಂಬುದಕ್ಕೂ ಇದೇ ಲೆಕ್ಕ. ದಿನಕ್ಕೆ 0.3ರಿಂದ 0.4 ಮಿ.ಮೀ. ಎಂದುಕೊಂಡರೆ ಸ್ಕಿನ್ ಫೇಡ್‌ನ ತಳ ಹತ್ತೇ ದಿನದಲ್ಲಿ ನಂಬರ್ 1ಕ್ಕೆ ಬಂದಿರುತ್ತದೆ, ಎರಡು ವಾರಕ್ಕೆ ಫೇಡ್ ಮುಗಿದ ಕತೆ. ತಳ ನಂಬರ್ 2 ಇದ್ದರೆ ಮೂರು ನಾಲ್ಕು ವಾರ ನೋಡುವಂತಿರುತ್ತದೆ. ಕಟಿಂಗ್‌ಗೆ ತಿಂಗಳಿಗೊಮ್ಮೆ ಮಾತ್ರ ಹೋಗುವವರು ಸ್ಕಿನ್ ಫೇಡ್ ಮಾಡಿಸಿದರೆ ಅರ್ಧ ತಿಂಗಳು ಚೆಂದ, ಅರ್ಧ ತಿಂಗಳು ಕಪ್ಪು ಗುಡ್ಡೆ.

ಕುರ್ಚಿಗೆ ಕೂರುವ ಮುನ್ನ

ತಲೆ ತೊಳೆದು ಒಣಗಿಸಿಕೊಂಡು ಹೋಗಿ. ಕೊಬ್ಬರಿ ಎಣ್ಣೆ ಹಚ್ಚಿದ ಕೂದಲು ಒಂದಕ್ಕೊಂದು ಅಂಟಿಕೊಂಡು ಗಾರ್ಡ್‌ನ ಹಲ್ಲುಗಳೊಳಗೆ ಸರಿಯಾಗಿ ನುಗ್ಗುವುದಿಲ್ಲ, ಅಲ್ಲಲ್ಲಿ ಉದ್ದ ಉಳಿಯುತ್ತದೆ. ಸರಿಯಾದ ಸ್ಕಿನ್ ಫೇಡ್‌ಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಭಾನುವಾರ ಬೆಂಚಿನ ಮೇಲೆ ಐದು ಜನ ಕಾಯುತ್ತಿರುವಾಗ ಅಷ್ಟು ಹೊತ್ತು ಯಾರೂ ಕೊಡಲಾರರು. ಬುಧ, ಗುರುವಾರ ಮಧ್ಯಾಹ್ನ ಹೋಗಿ. ಮಂಗಳವಾರ ನಮ್ಮಲ್ಲಿ ಹೆಚ್ಚಿನ ಕಡೆ ಬಾಗಿಲು ಹಾಕಿರುತ್ತದೆ, ಗೊತ್ತೇ ಇದೆ.

ಹೇಳುವ ಮಾತು ಹೀಗಿರಲಿ: 'ಅಣ್ಣ, ತಳದಲ್ಲಿ ಒಂದನೇ ನಂಬರ್, ಅದಕ್ಕಿಂತ ಕಮ್ಮಿ ಬೇಡ. ಕಿವಿ ಮೇಲೆ ಎರಡು ಬೆರಳಿಗೆ ನಿಲ್ಲಿಸಿ. ಹಿಂದೆ ಇಳಿಸಿಕೊಂಡು ಬನ್ನಿ. ಮೇಲೆ ಕತ್ತರಿ ಮಾತ್ರ, ಎರಡು ಇಂಚು ಬಿಡಿ.' ಬೆರಳಿಟ್ಟು ಜಾಗ ತೋರಿಸಿ. ಫೋಟೋ ತೋರಿಸುವುದಾದರೆ ಪಕ್ಕದಿಂದ ತೆಗೆದದ್ದು ಇರಲಿ, ಮುಂದಿನಿಂದ ತೆಗೆದದ್ದರಲ್ಲಿ ಫೇಡ್ ಕಾಣುವುದೇ ಇಲ್ಲ. ಹೊಸ ಸಲೂನಿನಲ್ಲಿ ಬೇಕಾದದ್ದಕ್ಕಿಂತ ಒಂದು ನಂಬರ್ ಹೆಚ್ಚೇ ಹೇಳಿ. ಇಳಿಸುವುದು ಎರಡು ನಿಮಿಷದ ಕೆಲಸ.

ಬ್ಲೇಡ್ ಹೊಸದು ಹಾಕುವುದನ್ನು ಕಣ್ಣಾರೆ ನೋಡಿ. ಹೆಪಟೈಟಿಸ್ ಬಿ ಹರಡಲು ಕಣ್ಣಿಗೆ ಕಾಣದ ಗೀರು ಸಾಕು. ಬ್ಲೇಡ್ ಬದಲಿಸುವವರೂ ಎಲ್ಲರ ಕತ್ತಿಗೆ ಒಂದೇ ಪಟಕದ ಕಲ್ಲು ಉಜ್ಜುತ್ತಾರೆ, ಅದು ಬೇಡವೆನ್ನಿ. ಒಬ್ಬರಿಂದ ಒಬ್ಬರಿಗೆ ತೊಳೆಯದ ಕ್ಲಿಪ್ಪರ್‌ನಿಂದ ಹುಳುಕಡ್ಡಿಯೂ ಅಂಟುತ್ತದೆ. ಕತ್ತಿನ ಹಿಂದೆ ಪದೇ ಪದೇ ಗುಳ್ಳೆ ಏಳುವವರು ಅಲ್ಲಿ ಬ್ಲೇಡ್ ಆಡಿಸಲೇಬಾರದು. ನುಣ್ಣಗೆ ಕತ್ತರಿಸಿದ ಕೂದಲು ಬೆಳೆಯುವಾಗ ಚರ್ಮದೊಳಕ್ಕೇ ಚುಚ್ಚಿಕೊಳ್ಳುತ್ತದೆ, ಕೆಲವರಿಗೆ ಆ ಗುಳ್ಳೆಗಳು ಗಟ್ಟಿ ಗಂಟಾಗಿ ಉಳಿದುಬಿಡುತ್ತವೆ. ಅಂಥವರು ಅರ್ಧ ನಂಬರ್ ಗಾರ್ಡ್‌ಗೆ ನಿಲ್ಲಿಸಿ ಚರ್ಮದ ವೈದ್ಯರಿಗೆ ತೋರಿಸಬೇಕು.

ಮುಗಿದ ಮೇಲೆ ತಲೆ ನೇರ ಇಟ್ಟು, ಬಗ್ಗಿಸದೆ, ಹಿಂದೆ ಕನ್ನಡಿ ಹಿಡಿಸಿ ನೋಡಿ. ಬಗ್ಗಿಸಿದ ಕತ್ತಿನಲ್ಲಿ ಚರ್ಮ ಎಳೆದುಕೊಂಡು ಗೆರೆ ಎಲ್ಲಿದೆಯೆಂದೇ ತಿಳಿಯುವುದಿಲ್ಲ. ಜೆಲ್ ಹಚ್ಚುವ ಮೊದಲೇ ನೋಡಬೇಕು.

ಮದುವೆಗೆಂದು ಮಾಡಿಸುವವರು ಹಿಂದಿನ ದಿನ ಹೋಗಬಾರದು. ಬಿಸಿಲು ಕಾಣದ ತಲೆಯ ಚರ್ಮ ಮುಖಕ್ಕಿಂತ ಬೆಳ್ಳಗಿರುತ್ತದೆ, ಮೊದಲ ಸಲ ಬೋಳಾದಾಗ ಪಟ್ಟಿ ಹೊಡೆದಂತೆ ಕಾಣುತ್ತದೆ. ಮೂರು ನಾಲ್ಕು ದಿನದಲ್ಲಿ ಒಂದು ಮಿಲಿಮೀಟರ್ ಕೂದಲು ಬಂದರೆ ಸರಿಹೋಗುತ್ತದೆ. ಮದುಮಗನಾದರೆ ಇನ್ನೊಂದು ಲೆಕ್ಕವೂ ಇದೆ. ಮುಹೂರ್ತದಲ್ಲಿ ತಲೆಯ ಮೇಲೆ ಮೈಸೂರು ಪೇಟ ಇರುತ್ತದೆ, ಮೇಲಿನ ಕೂದಲಿಗೆ ಮಾಡಿಸಿದ ಸ್ಟೈಲೆಲ್ಲ ಅದರೊಳಗೆ. ಹೊರಗೆ ಕಾಣುವುದು ಪೇಟದ ಅಂಚಿನಿಂದ ಕಿವಿಯವರೆಗಿನ ಮೂರು ನಾಲ್ಕು ಬೆರಳು ಮಾತ್ರ. ಹೈ ಸ್ಕಿನ್ ಫೇಡ್ ಮಾಡಿಸಿದ್ದರೆ ಆಲ್ಬಮ್‌ನಲ್ಲಿ ಪೇಟದ ಕೆಳಗೆ ಬೋಳು ತಲೆಯೇ. ಅದಕ್ಕೇ ಮದುಮಕ್ಕಳಿಗೆ ಲೋ ಟೇಪರ್, ತಳಕ್ಕೆ ನಂಬರ್ 2.